ಹಿಂದುಮುಂದಾದ ಪ್ರಶ್ನೆ

ಪರೀಕ್ಷೆಯ ಕೋಣೆಯಿಂದ ಝೆಲಿ ಹೊರಗೆ ಬಂದಾಗ ಅವಳಷ್ಟು ಸುಖಿ ಒರಿಯಾಕ್ ಊರಿನಲ್ಲೇ ಇನ್ನೊಬ್ಬರಿರಲಿಲ್ಲ. ನಾಲ್ಕು ಗಂಟೆ ಕೂತು ಹನ್ನೊಂದು ಪುಟ ಬರೆದಿದ್ದಳು. ಬೆರಳಿಗೆ ಮಸಿ, ಬೆನ್ನಿಗೆ ನೋವು, ಮನಸ್ಸು ಮಾತ್ರ ಹತ್ತಿಯಷ್ಟು ಹಗುರ. ಶಾಲೆ ಮುಗಿಸುವ ಬಾಕ್ ಪರೀಕ್ಷೆಯಲ್ಲಿ ಮಿಕ್ಕ ಪತ್ರಿಕೆಗಳದೇ ಒಂದು ತೂಕ, ತತ್ತ್ವಶಾಸ್ತ್ರದ್ದೇ ಒಂದು ತೂಕ. ಒಳ್ಳೆಯತನ ಎಂದರೇನು, ಸುಖ ಎಂದರೇನು, ನಾವು ಸ್ವತಂತ್ರರೋ ಅಲ್ಲವೋ? ಎಂಬತ್ತು ವರ್ಷ ಬಾಳಿದವರಿಗೂ ಬಗೆಹರಿಯದ್ದನ್ನು ಹದಿನೆಂಟರ ಮಕ್ಕಳು ಮಧ್ಯಾಹ್ನದ ಊಟದೊಳಗೆ ಬಗೆಹರಿಸಿ, ಹೆಸರು ಬರೆದು, ಕೊಟ್ಟು ಬರಬೇಕು.

ಝೆಲಿಗೆ ಈ ಪರೀಕ್ಷೆ ಆಟವಾಗಿರಲಿಲ್ಲ. ಕ್ಲೆರ್ಮೊಂನ ನರ್ಸಿಂಗ್ ಕಾಲೇಜಿನಲ್ಲಿ ಅವಳಿಗೊಂದು ಸೀಟು ಕಾದಿತ್ತು. ಬಾಕ್ ಪಾಸಾದರೆ ಅದು ಅವಳದು, ಇಲ್ಲವಾದರೆ ಪಟ್ಟಿಯಲ್ಲಿ ಅವಳ ಹಿಂದೆ ನಿಂತವರದು.

ಶಾಲೆಯ ಮುಂದೆ ಅಮ್ಮನ ಬಿಳಿ ವ್ಯಾನು ನಿಂತಿತ್ತು. ಪಕ್ಕದಲ್ಲಿ ಕತ್ತರಿ, ಬಾಚಣಿಗೆಯ ಚಿತ್ರ. ಝೆಲಿಯ ಅಮ್ಮ ಕೊರಿನ್ ಊರೂರು ತಿರುಗಿ ತಲೆಗೂದಲು ಕತ್ತರಿಸುವವಳು. ಬೆಟ್ಟದ ಮೇಲಿನ ಹಳ್ಳಿಗಳಲ್ಲಿ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಮುದುಕಿಯರು ಪೇಟೆಗೆ ಇಳಿಯಲಾರರು, ಅದಕ್ಕೆ ಕೊರಿನ್ನೇ ಅವರ ಅಡುಗೆಮನೆಗೆ ಹತ್ತುತ್ತಿದ್ದಳು.

"ಏನೇ, ಮುಖ ಅರಳಿದೆ? ಪ್ರಶ್ನೆ ಏನು ಬಂದಿತ್ತು?" ಅಂದಳು ಕೊರಿನ್, ವ್ಯಾನು ತಿರುಗಿಸುತ್ತ.

"ನನ್ನದೇ ಪ್ರಶ್ನೆ ಕಣಮ್ಮ! ಮಾರ್ಚಿನಲ್ಲಿ ಮೇಷ್ಟ್ರು ಇಪ್ಪತ್ತಕ್ಕೆ ಹದಿನಾಲ್ಕು ಕೊಟ್ಟಿದ್ದರಲ್ಲ, ಅದೇ. ಸುಖವಾಗಿರಬೇಕಾದ್ರೆ ಒಳ್ಳೆಯವರಾಗಿರಬೇಕಾ? ಕಾಗದ ತಿರುಗಿಸಿದ ತಕ್ಷಣ ಅಳು ಬರೋ ಹಾಗಾಯ್ತು."

"ದೇವರು ಇದ್ದಾನೆ ಬಿಡು. ಸೀಟಿನ ಕೆಳಗೆ ಹ್ಯಾಮು ಬ್ರೆಡ್ಡು ಇದೆ, ತಿನ್ನು."

ಝೆಲಿ ಅಡುಗೆಮನೆಯ ಗೋಡೆಗೆ ನಲವತ್ತು ಚೀಟಿ ಅಂಟಿಸಿಕೊಂಡು ವರ್ಷವಿಡೀ ಉರು ಹೊಡೆದವಳು. ಮೊದಲು ಹೌದು ಅನ್ನಬೇಕು, ಆಮೇಲೆ ಅಲ್ಲ ಅನ್ನಬೇಕು, ಮೂರನೆಯ ಭಾಗದಲ್ಲಿ ಹೌದು ಅಲ್ಲ ಎರಡನ್ನೂ ಒಂದೇ ಬಂಡಿಗೆ ಕಟ್ಟಬೇಕು. ಆ ದೇಶದಲ್ಲಿ ತತ್ತ್ವ ಬರೆಯುವ ಕ್ರಮವೇ ಹಾಗೆ. ಈ ಪ್ರಶ್ನೆಯ ಮೂರೂ ಭಾಗ ಅವಳಿಗೆ ನಿದ್ದೆಯಲ್ಲೂ ಬರುತ್ತಿತ್ತು.

ಬ್ರೆಡ್ಡಿನ ಎರಡನೇ ತುತ್ತು ಬಾಯಲ್ಲಿತ್ತು. ರೇಡಿಯೋದಲ್ಲಿ ವಾರ್ತೆ ಶುರುವಾಯಿತು. ಬಾಕ್ ನಡೆಯುವ ದಿನ ಯುದ್ಧದ ಸುದ್ದಿಗಿಂತ ಮುಂಚೆ ತತ್ತ್ವದ ಪ್ರಶ್ನೆಯನ್ನೇ ಓದುತ್ತಾರೆ. ಇಡೀ ದೇಶ ಊಟದ ಮೇಜಿನಲ್ಲಿ ಕೂತು, ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ ಎಂದು ವಾದ ಮಾಡುತ್ತದೆ.

"ಈ ವರ್ಷದ ಮೊದಲ ಪ್ರಶ್ನೆ," ಅಂದಿತು ರೇಡಿಯೋದ ಹೆಣ್ಣು ದನಿ, "ಒಳ್ಳೆಯವರಾಗಿರಬೇಕಾದರೆ ಸುಖವಾಗಿರಬೇಕೇ?"

ಝೆಲಿಯ ದವಡೆ ನಿಂತಿತು.

"ತಪ್ಪು ಓದಿದ್ಲು ಅವಳು," ಅಂದಳು.

ಚೀಲದಲ್ಲಿ ಮಡಿಸಿಟ್ಟಿದ್ದ ಪ್ರಶ್ನೆಪತ್ರಿಕೆ ತೆಗೆದು ಬಿಡಿಸಿದಳು. ಒಂದು ಸಲ ಓದಿದಳು, ಬೆರಳಿಟ್ಟು ಇನ್ನೊಂದು ಸಲ ಓದಿದಳು. ರೇಡಿಯೋದವಳು ಸರಿಯಾಗಿಯೇ ಓದಿದ್ದಳು. ಬೆಳಿಗ್ಗೆ ಎಂಟು ಗಂಟೆಗೆ ಕಾಗದದ ಮೇಲೆ ಇದ್ದದ್ದೇ ಬೇರೆ, ಝೆಲಿಯ ಕಣ್ಣು ಓದಿದ್ದೇ ಬೇರೆ. ಸುಖ, ಒಳ್ಳೆಯತನ ಎಂಬ ಎರಡು ಮಾತು ಕಂಡದ್ದೇ ತಡ, ಗೋಡೆಯ ಮೇಲಿನ ಚೀಟಿ ಎದ್ದುಬಂದು ಕಣ್ಣಿನ ಮುಂದೆ ಕೂತುಬಿಟ್ಟಿತ್ತು.

"ವಿಷಯದ ಹೊರಗೆ," ಅಂದಳು ಝೆಲಿ. "ಅಮ್ಮಾ, ಹನ್ನೊಂದು ಪುಟ ವಿಷಯದ ಹೊರಗೆ ಬರೆದು ಬಂದಿದೀನಿ."

ಆ ದೇಶದ ಮಕ್ಕಳಿಗೆ ಗುಮ್ಮನ ಹೆಸರು ಹೇಳಿದರೂ ಭಯವಾಗಲಿಕ್ಕಿಲ್ಲ, ಉತ್ತರದ ಪಕ್ಕದಲ್ಲಿ ಕೆಂಪು ಮಸಿಯಲ್ಲಿ ವಿಷಯದ ಹೊರಗೆ ಎಂದು ಬರೆದರೆ ಜೀವ ಹೋಗುತ್ತದೆ. ಎಷ್ಟೇ ಚೆನ್ನಾಗಿ ಬರೆಯಲಿ, ಕೇಳಿದ್ದಕ್ಕೆ ಉತ್ತರವಲ್ಲದ ಮೇಲೆ ಅದು ಬೇರೆಯವರ ಮನೆಯ ಮದುವೆಗೆ ಅಡುಗೆ ಮಾಡಿದ ಹಾಗೆ.

ಕೊರಿನ್ ವ್ಯಾನನ್ನು ರಸ್ತೆಯ ಬದಿಗೆ ನಿಲ್ಲಿಸಿದಳು. "ಎರಡೂ ಒಂದೇ ಅಲ್ವೇನೆ? ಸುಖ, ಒಳ್ಳೆಯತನ. ಅದೇ ಎರಡು ಮಾತು."

"ಬಣ್ಣ ಹಚ್ಚಿ ತಲೆ ತೊಳೆಯೋದೂ, ತಲೆ ತೊಳೆದು ಬಣ್ಣ ಹಚ್ಚೋದೂ ಒಂದೇನಾ?"

ಕೊರಿನ್ ಯೋಚಿಸಿದಳು. "ಅಯ್ಯೋ," ಅಂದಳು. "ಹಾಗಾದ್ರೆ ಕೆಟ್ಟಿತು."

*

ಫಲಿತಾಂಶಕ್ಕೆ ಇನ್ನೂ ಎರಡು ವಾರ ಇತ್ತು. ಮನೆಯಲ್ಲಿ ಬಿಟ್ಟರೆ ಹುಡುಗಿ ಗೋಡೆ ನೋಡಿಕೊಂಡು ಕೂರುತ್ತಾಳೆ ಎಂದು ಕೊರಿನ್ ದಿನವೂ ತನ್ನ ಜೊತೆ ಹಳ್ಳಿಗಳಿಗೆ ಕರೆದುಕೊಂಡು ಹೋದಳು. ಹೋದಲ್ಲೆಲ್ಲ ಅದೇ ಪ್ರಶ್ನೆ. ರೇಡಿಯೋ ಎಲ್ಲರ ಮನೆಯಲ್ಲೂ ಇತ್ತಲ್ಲ.

ಒಬ್ಬ ಮುದುಕಿ ತಲೆಗೆ ಟವೆಲು ಸುತ್ತಿಕೊಂಡು, "ಸುಖವಾಗಿಲ್ಲದವರು ಒಳ್ಳೆಯವರಾಗಿರೋಕೆ ಸಾಧ್ಯಾನೇ ಇಲ್ಲ. ನನ್ನ ಅತ್ತೆಯನ್ನ ನೋಡಿದ್ರೆ ಗೊತ್ತಾಗ್ತಿತ್ತು," ಅಂದಳು. ಇನ್ನೊಬ್ಬಳು, "ಸುಖವಾಗಿರೋರು ಒಳ್ಳೆಯವರಾಗಿರ್ತಾರೆ ಅಂದ್ರೆ ನನ್ನ ಗಂಡ ಸಂತ ಆಗಬೇಕಿತ್ತು," ಅಂದಳು. ಝೆಲಿ ನೆಲದ ಮೇಲಿನ ಕೂದಲು ಗುಡಿಸುತ್ತಿದ್ದಳು. ತಾನು ಬರೆದದ್ದು ಏನೆಂದು ಯಾರಿಗೂ ಹೇಳಬಾರದೆಂದು ಅಮ್ಮನಿಂದ ಆಣೆ ಹಾಕಿಸಿಕೊಂಡಿದ್ದಳು. ಕೊರಿನ್ ಎಂಟು ದಿನ ಆಣೆ ಕಾಪಾಡಿದಳು. ಕೂದಲು ಕತ್ತರಿಸುವವಳಿಗೆ ಅದೇ ದೊಡ್ಡ ತಪಸ್ಸು.

ಒಂಬತ್ತನೆಯ ದಿನ ಮದಾಮ್ ಬುಸಾಕ್ ಮನೆಯಲ್ಲಿ ಅದು ಮುರಿಯಿತು.

ಮದಾಮ್ ಬುಸಾಕ್‌ಗೆ ಎಂಬತ್ತನಾಲ್ಕು. ಇಡೀ ಕಣಿವೆಗೆ ಸಿಡುಕಿ ಎಂದೇ ಹೆಸರು. ಬಿಸಿಲು ಬಂದರೆ ಬಿಸಿಲಿನ ಮೇಲೆ ಸಿಡುಕು, ಮೋಡ ಬಂದರೆ ಮೋಡದ ಮೇಲೆ. ಅಡುಗೆಮನೆಯ ಕುರ್ಚಿಯಲ್ಲಿ ಕೂತು, ತಲೆಯ ತುಂಬ ಕೂದಲು ಗುಂಗುರಾಗಿಸುವ ಸುರುಳಿ ಸುತ್ತಿಸಿಕೊಂಡು, "ಬೇಗ ಮುಗಿಸು ಕೊರಿನ್, ಹನ್ನೊಂದಕ್ಕೆ ನಾನು ಆ ದರಿದ್ರದವನ ಮನೆಗೆ ಹೋಗಬೇಕು," ಅಂದಳು.

"ಯಾರು?" ಅಂತ ಝೆಲಿ ಕೇಳಿದಳು.

"ಪಕ್ಕದ ಮನೆ ಲೆಸ್ಕ್ಯೂರ್. ಕಣ್ಣು ಕಾಣಲ್ಲ ಅವನಿಗೆ. ದಿನಾ ಪೇಪರ್ ಓದಿ ಹೇಳಬೇಕು. ಯಾರ್ಯಾರು ಸತ್ತರು ಅನ್ನೋ ಪುಟ ಮೊದಲು. ಆಮೇಲೆ ಅವನ ಸೂಪು ಬಿಸಿ ಮಾಡಬೇಕು. ಮಾಡಿದ್ರೆ ಉಪ್ಪು ಜಾಸ್ತಿ ಅಂತಾನೆ."

"ಒಳ್ಳೇ ಸ್ನೇಹಿತರು ಅನ್ನಿ."

"ಸ್ನೇಹ?" ಮದಾಮ್ ಬುಸಾಕ್ ತಿರುಗಿದ ರಭಸಕ್ಕೆ ಕೊರಿನ್ ಕೈಯಿಂದ ಒಂದು ಸುರುಳಿ ಜಾರಿ ಬಿತ್ತು. "ನನ್ನ ಚೆರ್ರಿ ಮರದ ಕೊಂಬೆ ಕಡಿದವನು ಅವನು! ಮೂವತ್ತು ವರ್ಷ ಆಯ್ತು. ಒಂದು ಕ್ಷಮೆ ಕೇಳಿಲ್ಲ."

"ಮತ್ತೆ ದಿನಾ ಹೋಗ್ತೀರಲ್ಲ, ಖುಷಿ ಸಿಗುತ್ತಾ?"

"ಒಂದು ದಿನ? ಒಂದೇ ಒಂದು ದಿನ ಖುಷಿ ಸಿಕ್ಕಿದ್ರೆ ಕೇಳು. ಹೋಗುವಾಗ ಮಂಡಿ ನೋವು, ಬರುವಾಗ ಮಂಡಿ ನೋವು, ಮಧ್ಯೆ ಅವನ ಮುಖ."

"ಹಾಗಾದ್ರೆ ಯಾಕೆ ಹೋಗ್ತೀರ? ಯಾರೂ ಬಲವಂತ ಮಾಡ್ತಿಲ್ಲವಲ್ಲ."

"ಅದೇ ನೋಡು ನನ್ನ ಗ್ರಹಚಾರ!" ಅಂದಳು ಮದಾಮ್ ಬುಸಾಕ್. "ಬಲವಂತ ಮಾಡಿದ್ರೆ ಹೋಗಲ್ಲ ಅನ್ನಬಹುದಿತ್ತು. ಯಾರೂ ಬಲವಂತ ಮಾಡದೆ ಇರುವಾಗ ಯಾರಿಗೆ ಅಂತ ಇಲ್ಲ ಅನ್ನಲಿ?"

ಕೊರಿನ್ ಬಾಯಲ್ಲಿ ಕಚ್ಚಿಕೊಂಡಿದ್ದ ಪಿನ್ನು ತೆಗೆದಳು. "ಕೇಳಿದ್ಯೇನೆ? ಇದನ್ನ ಬರೆದಿದ್ರೆ ಆಗ್ತಿತ್ತು. ಮದಾಮ್, ನಿಮಗೇನು ಹೇಳಲಿ, ಇವಳು ಪ್ರಶ್ನೆಯನ್ನೇ ಹಿಂದುಮುಂದು ಮಾಡಿಕೊಂಡು..."

"ಅಮ್ಮಾ!"

ಆಗಲೇ ಹೊರಬಿದ್ದಿತ್ತು. ಮದಾಮ್ ಬುಸಾಕ್ ಪೂರ್ತಿ ಕೇಳಿಸಿಕೊಂಡು, ಹತ್ತು ವರ್ಷದಿಂದ ಯಾರೂ ಕಾಣದಷ್ಟು ನಕ್ಕಳು. ಸುರುಳಿಗಳೆಲ್ಲ ಕುಣಿದವು. "ಹನ್ನೊಂದು ಪುಟವಾ! ಕೇಳದೇ ಇದ್ದ ಪ್ರಶ್ನೆಗೆ!" ಅಂದಳು ಕಣ್ಣೊರೆಸಿಕೊಂಡು. "ನನ್ನ ಗಂಡ ನಲವತ್ತು ವರ್ಷ ಅದನ್ನೇ ಮಾಡಿದ ಕಣಮ್ಮ. ನಾನು ಕೇಳಿದ್ದು ಒಂದು, ಅವನು ಹೇಳಿದ್ದು ಇನ್ನೊಂದು. ಆದ್ರೂ ಸಂಸಾರ ಪಾಸಾಯ್ತು."

ಝೆಲಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಒಂಬತ್ತು ದಿನದಲ್ಲಿ ಮೊದಲ ಸಲ ಅವಳೂ ನಕ್ಕಳು. ಮನೆಗೆ ಬರುವ ದಾರಿಯಲ್ಲೆಲ್ಲ ಅವಳ ತಲೆಯಲ್ಲಿ ಮುದುಕಿಯ ಮಾತೇ ತಿರುಗುತ್ತಿತ್ತು. ಯಾರೂ ಬಲವಂತ ಮಾಡದೆ ಇರುವಾಗ ಯಾರಿಗೆ ಇಲ್ಲ ಅನ್ನಲಿ? ನಲವತ್ತು ಚೀಟಿಗಳಲ್ಲಿ ಒಂದರಲ್ಲೂ ಈ ಮಾತು ಇರಲಿಲ್ಲ.

*

ಜುಲೈ ಮೊದಲ ವಾರ ಪಟ್ಟಿ ಅಂಟಿಸಿದರು. ಪಾಸಾಗಲು ಸಾವಿರ ಅಂಕ ಬೇಕು. ಝೆಲಿಯ ಹೆಸರಿನ ಮುಂದೆ ಒಂಬೈನೂರ ನಲವತ್ತು ಇತ್ತು. ತತ್ತ್ವಶಾಸ್ತ್ರದಲ್ಲಿ ಇಪ್ಪತ್ತಕ್ಕೆ ಐದು.

ಅಷ್ಟು ಹತ್ತಿರ ಬಂದು ಎಡವಿದವರಿಗೆ ಇನ್ನೊಂದು ಬಾಗಿಲು ಇದೆ. ತಾವೇ ಎರಡು ವಿಷಯ ಆರಿಸಿಕೊಂಡು, ಎರಡು ದಿನದ ಮೇಲೆ ಅಪರಿಚಿತ ಮೇಷ್ಟರ ಮುಂದೆ ಕೂತು ಬಾಯಲ್ಲಿ ಉತ್ತರ ಹೇಳಬೇಕು. ಮೊದಲಿಗಿಂತ ಹೆಚ್ಚು ಬಂದರೆ ಅದೇ ಲೆಕ್ಕಕ್ಕೆ. ಆ ಬಾಗಿಲೂ ಮುಚ್ಚಿದರೆ ಮುಂದಿನ ವರ್ಷ.

ಆರಿಸಿಕೊಳ್ಳಲು ನೆರವಾಗಲೆಂದು ಅವಳ ತತ್ತ್ವದ ಮೇಷ್ಟ್ರು ದೆಲ್ಪೆಶ್ ಅಂಗಳದಲ್ಲಿ ಮೇಜು ಹಾಕಿಕೊಂಡು ಕೂತಿದ್ದರು. ಝೆಲಿಯ ಅಂಕಪಟ್ಟಿ ನೋಡಿ ಕನ್ನಡಕ ಮೇಲೆತ್ತಿದರು.

"ಐದಾ? ನೀನಾ? ಏನಾಯ್ತು?"

ಹೇಳಿದಳು. ಮೇಷ್ಟ್ರು ಕಣ್ಣು ಮುಚ್ಚಿ ಕೂತರು. "ಮಾರ್ಚಿನಲ್ಲಿ ನಾನು ಹದಿನಾಲ್ಕು ಕೊಡಬಾರದಿತ್ತು," ಅಂದರು. ಆಮೇಲೆ ಕೆಲಸದ ಮಾತಿಗೆ ಬಂದರು. "ಜೀವಶಾಸ್ತ್ರ ತಗೋ, ರಸಾಯನ ತಗೋ. ಅವುಗಳಲ್ಲಿ ಒಂದು ಅಂಕ ಹೆಚ್ಚಾದ್ರೆ ಒಟ್ಟು ಲೆಕ್ಕಕ್ಕೆ ಹದಿನಾರು ಸೇರುತ್ತೆ. ತತ್ತ್ವಕ್ಕೆ ಬರೀ ಎಂಟು. ನನ್ನ ವಿಷಯ ಅಂತ ನಾನೇ ಹೇಳಬಾರದು, ಆದ್ರೂ ಹೇಳ್ತೀನಿ, ಅದನ್ನ ಮುಟ್ಟಬೇಡ."

ಕೊರಿನ್ ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ ತತ್ತ್ವ ಗೊತ್ತಿರಲಿಲ್ಲ, ತಲೆಗಳು ಗೊತ್ತಿದ್ದವು. "ಒಂದು ಮಾತು ಕೇಳ್ತೀನಿ ಮೇಷ್ಟ್ರೇ," ಅಂದಳು. "ಚೆನ್ನಾಗಿರೋ ತಲೆಯನ್ನ ಇನ್ನೂ ಚೆನ್ನಾಗಿ ಮಾಡೋದು ಕಷ್ಟ. ಕೆಟ್ಟುಹೋಗಿರೋ ತಲೆಯನ್ನ ಸುಮಾರಾಗಿ ಮಾಡೋದು ಸುಲಭ. ರಸಾಯನದಲ್ಲಿ ಇವಳಿಗೆ ಹನ್ನೊಂದು ಬಂದಿದೆ, ಅದೇ ಅವಳ ಮಟ್ಟ. ತತ್ತ್ವದಲ್ಲಿ ಐದು ಅವಳ ಮಟ್ಟ ಅಲ್ಲ."

ಮೇಷ್ಟ್ರು ಕಾಗದದ ಮೂಲೆಯಲ್ಲಿ ಗುಣಾಕಾರ ಮಾಡಿದರು. "ಹದಿಮೂರು ಬರಬೇಕಾಗುತ್ತೆ," ಅಂದರು. "ಬಾಯಲ್ಲಿ ಹದಿಮೂರು ಕೊಡೋರು ಕಡಿಮೆ. ಝೆಲಿ, ನೀನೇನಂತೀಯ?"

ಝೆಲಿ ಪೆನ್ನು ಎತ್ತಿಕೊಂಡಳು. ಯಾರಾದರೂ ಇದನ್ನೇ ತಗೋ ಎಂದು ಗದರಿಸಬಾರದೇ ಅನ್ನಿಸಿತು. ಗದರಿಸಿದ್ದರೆ, ಸೋತಾಗ ತಪ್ಪನ್ನು ಅವರ ಮೇಲೆ ಹಾಕಬಹುದಿತ್ತು.

"ಜೀವಶಾಸ್ತ್ರ, ತತ್ತ್ವಶಾಸ್ತ್ರ," ಅಂದು ರುಜು ಹಾಕಿದಳು.

*

ಎರಡು ದಿನದ ಮೇಲೆ, ಬೆಳಿಗ್ಗೆ ಜೀವಶಾಸ್ತ್ರ ಮುಗಿಯಿತು. ಮೂತ್ರಪಿಂಡದ ಚಿತ್ರ ಕೊಟ್ಟು ವಿವರಿಸು ಅಂದರು. ವಿವರಿಸಿದಳು, ಹಿಂದೆ ಬಂದಷ್ಟೇ ಬಂದೀತು ಎಂದು ಅವಳಿಗೇ ಗೊತ್ತಾಯಿತು. ಇನ್ನು ಉಳಿದದ್ದು ಒಂದೇ.

ತತ್ತ್ವದ ಕೋಣೆಯಲ್ಲಿ ಐವತ್ತರ ಆಸುಪಾಸಿನ ಹೆಂಗಸು ಕೂತಿದ್ದಳು. ಕಿಟಕಿ ತೆರೆದಿತ್ತು, ಅವಳು ಮೇಜಿನ ಕೆಳಗೆ ಚಪ್ಪಲಿ ಬಿಚ್ಚಿಟ್ಟಿದ್ದಳು. ಝೆಲಿ ವರ್ಷದಲ್ಲಿ ಓದಿದ ಪಾಠಗಳ ಪಟ್ಟಿ ನೋಡಿ, ಆ ಹೆಂಗಸು ಪುಸ್ತಕದ ಒಂದು ಪುಟಕ್ಕೆ ಗುರುತು ಹಾಕಿಕೊಟ್ಟಳು. ಇಷ್ಟ ಬಂದ ಹಾಗೆ ನಡೆಯುವುದೇ ಸ್ವಾತಂತ್ರ್ಯವೇ ಎಂಬುದರ ಮೇಲೆ ಹದಿನೈದು ಸಾಲು. "ಇಪ್ಪತ್ತು ನಿಮಿಷ ಯೋಚಿಸು. ಆಮೇಲೆ ಹೇಳು."

ಝೆಲಿ ಮೊದಲ ಸಾಲು ಓದಿದಳು. ತಕ್ಷಣ ತಲೆಯಲ್ಲಿ ಚೀಟಿಯೊಂದು ಎದ್ದಿತು: ಸ್ವಾತಂತ್ರ್ಯ, ಹಸಿರು ಕಾಗದ, ಮೂರು ಭಾಗ. ಅವಳು ಪೆನ್ನು ಕೆಳಗಿಟ್ಟಳು. ಮೊದಲ ಸಾಲನ್ನು ಮತ್ತೆ ಓದಿದಳು. ಒಂದೊಂದೇ ಮಾತನ್ನು ಬೆರಳಿಟ್ಟು, ಒಂದನೇ ತರಗತಿಯ ಮಗುವಿನ ಹಾಗೆ. ಹದಿನೈದು ಸಾಲಿಗೆ ಇಪ್ಪತ್ತು ನಿಮಿಷವೂ ಹಿಡಿಯಿತು. ಕರಡು ಕಾಗದದಲ್ಲಿ ನಾಲ್ಕೇ ಮಾತು ಬರೆದಿದ್ದಳು.

ಸಾಲುಗಳಲ್ಲಿ ಏನಿದೆಯೋ ಅದನ್ನು ಹೇಳಿದಳು.

ಆ ಹೆಂಗಸು ಕೇಳಿದಳು, "ಸರಿ. ಇಲ್ಲಿ ಬರೆದವನು ಹೇಳ್ತಾನೆ, ತಡೆಯೋರು ಯಾರೂ ಇಲ್ಲದಿದ್ರೂ ಮನುಷ್ಯ ಕಟ್ಟಿಹಾಕಿಸಿಕೊಂಡಿರಬಹುದು ಅಂತ. ನಿನಗೆ ಒಪ್ಪಿಗೆನಾ? ಪುಸ್ತಕದ ಉದಾಹರಣೆ ಬೇಡ. ಬೆಳಿಗ್ಗೆಯಿಂದ ಏಳು ಸಲ ಅದೇ ಉದಾಹರಣೆ ಕೇಳಿದೀನಿ."

ಝೆಲಿಗೆ ಮದಾಮ್ ಬುಸಾಕ್ ನೆನಪಾದಳು. ಆದರೆ ಅದು ಬೇರೆ ಪ್ರಶ್ನೆಗೆ ಉತ್ತರ. ಆ ಮುದುಕಿಯನ್ನು ಯಾರೂ ಕಟ್ಟಿಹಾಕಿರಲಿಲ್ಲ. ಇನ್ನೊಮ್ಮೆ ಸಿದ್ಧವಾಗಿದ್ದದ್ದನ್ನು ಎತ್ತಿ ಬಡಿಸಲು ಹೊರಟಿದ್ದೇನೆ ಎಂದು ಅವಳಿಗೆ ಹೊಳೆಯಿತು. ಪುಟದ ಕಡೆ ತಿರುಗಿ ಆ ಸಾಲನ್ನು ಇನ್ನೊಂದು ಸಲ ಓದಿದಳು.

"ಒಪ್ಪಿಗೆ," ಅಂದಳು. "ಜೂನಿನಲ್ಲಿ ನನಗೆ ಆದದ್ದು ಅದೇ."

"ಏನಾಯ್ತು?"

"ನಾಲ್ಕು ಗಂಟೆ ಟೈಮಿತ್ತು. ಪೆನ್ನು, ಕಾಗದ, ನೀರು ಎಲ್ಲಾ ಇತ್ತು. ಏನು ಬೇಕಾದ್ರೂ ಬರೀಬಹುದಿತ್ತು, ಯಾರೂ ತಡೀತಿರಲಿಲ್ಲ. ನಾನು ಗೋಡೆ ಮೇಲೆ ಅಂಟಿಸಿಕೊಂಡಿದ್ದನ್ನೇ ಬರೆದೆ. ಪ್ರಶ್ನೆ ಬೇರೆ ಇತ್ತು. ನನಗೆ ಕಾಣಿಸಲೇ ಇಲ್ಲ. ಕಾಣಿಸದೇ ಇದ್ದಿದ್ದಕ್ಕೇ ನನಗೆ ಅಷ್ಟು ಖುಷಿಯಾಗಿತ್ತು. ಹೊರಗೆ ಬಂದಾಗ ನನಗಿಂತ ಸ್ವತಂತ್ರಳು ಯಾರೂ ಇಲ್ಲ ಅನ್ನಿಸಿತ್ತು. ಕಟ್ಟಿದ್ದೋರು ಬೇರೆ ಯಾರೂ ಅಲ್ಲ, ಆ ಚೀಟಿ ನಾನೇ ಬರೆದಿದ್ದು."

ಹೆಂಗಸು ಕುರ್ಚಿಯಲ್ಲಿ ಮುಂದಕ್ಕೆ ಬಂದಳು. "ಹಾಗಾದ್ರೆ ಕಲಿಯೋದೇ ತಪ್ಪಾ? ಏನೂ ಓದದೇ ಬಂದೋರು ನಿನಗಿಂತ ಸ್ವತಂತ್ರರಾ?"

"ಅಲ್ಲ," ಅಂದಳು ಝೆಲಿ. "ನನ್ನಮ್ಮ ಕೂದಲು ಕತ್ತರಿಸ್ತಾಳೆ. ಕೈಗೆ ಅಭ್ಯಾಸ ಇಲ್ಲದೆ ಇದ್ರೆ ಕಿವಿ ಕತ್ತರಿಸಿಬಿಡ್ತಾಳೆ. ಆದ್ರೆ ಎದುರಿಗೆ ಇರೋ ತಲೆ ನೋಡದೆ ಬರೀ ಅಭ್ಯಾಸದಿಂದ ಕತ್ತರಿಸಿದ್ರೆ ಎಲ್ಲರಿಗೂ ಒಂದೇ ಥರ ಆಗುತ್ತೆ. ಕಲಿತಿರಬೇಕು, ಆದ್ರೂ ನೋಡಬೇಕು. ಎರಡೂ ಒಟ್ಟಿಗೆ ಇರೋದು ಹೇಗೆ ಅಂತ... ಅದು ನನಗೆ ಇನ್ನೂ ಗೊತ್ತಾಗಿಲ್ಲ."

"ಗೊತ್ತಾಗಿಲ್ಲ," ಅಂತ ಆ ಹೆಂಗಸು ಹೇಳುತ್ತ ಏನೋ ಬರೆದುಕೊಂಡಳು. ಅದು ಒಳ್ಳೆಯದೋ ಕೆಟ್ಟದ್ದೋ ಮುಖದಲ್ಲಿ ಕಾಣಲಿಲ್ಲ. "ಹೋಗಿ ಬಾ. ಮುಂದಿನವರನ್ನ ಕಳಿಸು."

*

ಸಂಜೆ ಐದಕ್ಕೆ ಫಲಿತಾಂಶ ಅಂದಿದ್ದರು. ಐದೂವರೆಯಾಯಿತು. ಮೂವತ್ತು ನಲವತ್ತು ಮಕ್ಕಳು ಅಂಗಳದ ತುಂಬ ಹರಡಿ, ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ಕಚೇರಿಯ ಗುಮಾಸ್ತೆ ಕಾಗದ ಹಿಡಿದುಕೊಂಡು ಬಂದು, ಒಬ್ಬೊಬ್ಬರನ್ನೇ ಒಳಗೆ ಕರೆದಳು. ಹೊರಗೆ ಬಂದ ಮೊದಲ ಹುಡುಗ ಅಳುತ್ತಿದ್ದ. ಎರಡನೆಯವಳೂ ಅಳುತ್ತಿದ್ದಳು. ಯಾವ ಅಳು ಯಾವುದೆಂದು ಯಾರಿಗೂ ತಿಳಿಯಲಿಲ್ಲ.

ಝೆಲಿಯ ಸರದಿ ಬಂತು. ಗುಮಾಸ್ತೆ ಬೆರಳನ್ನು ಸಾಲಿನ ಉದ್ದಕ್ಕೂ ಎಳೆದು, "ಜೀವಶಾಸ್ತ್ರ ಇದ್ದ ಹಾಗೇ. ತತ್ತ್ವಶಾಸ್ತ್ರ ಹದಿಮೂರು. ಒಟ್ಟು ಸಾವಿರದ ನಾಲ್ಕು. ಪಾಸು. ಇಲ್ಲಿ ರುಜು ಹಾಕು," ಅಂದಳು.

ಝೆಲಿ ಕಾಗದದ ಕಡೆ ಬಗ್ಗಿದಳು.

"ರುಜು ಹಾಕಮ್ಮ. ಹಿಂದೆ ಇನ್ನೂ ಹದಿನೆಂಟು ಜನ ಇದ್ದಾರೆ."

"ದಯವಿಟ್ಟು ಇನ್ನೊಂದು ಸಲ ಓದ್ತೀರಾ?"

ಗುಮಾಸ್ತೆ ತಲೆಯೆತ್ತಿ ನೋಡಿದಳು. ದಿನವಿಡೀ ಅದೇ ಕೆಲಸ ಮಾಡಿ ದಣಿದಿದ್ದವಳು, ಆದರೂ ಕಾಗದವನ್ನು ಝೆಲಿಯ ಕಡೆಗೆ ತಿರುಗಿಸಿ, ಸಾಲಿನ ಕೆಳಗೆ ಅಳತೆಪಟ್ಟಿ ಇಟ್ಟಳು. "ನೀನೇ ಓದಿಕೋ."

ಝೆಲಿ ಓದಿದಳು. ಹೆಸರು ಅವಳದು. ಅಂಕ ಅವಳದು. ಪಾಸು ಎಂಬ ಮಾತಿನ ಹಿಂದೆಯೂ ಮುಂದೆಯೂ ಬೇರೆ ಏನೂ ಇರಲಿಲ್ಲ. ರುಜು ಹಾಕಿ ಗೇಟಿನ ಕಡೆ ಓಡಿದಳು.

ಹೊರಗೆ ಕೊರಿನ್ ವ್ಯಾನನ್ನು ಅಗ್ನಿಶಾಮಕದವರ ಜಾಗದಲ್ಲಿ ಅಡ್ಡಡ್ಡ ನಿಲ್ಲಿಸಿ, ಎಂಜಿನ್ ಕೂಡ ಆರಿಸದೆ ಬಾಗಿಲಿಗೆ ಒರಗಿ ನಿಂತಿದ್ದಳು. ನಗರಸಭೆಯ ಕಾವಲಿನವನೊಬ್ಬ ಅವಳಿಗೆ ಉಪದೇಶ ಮಾಡುತ್ತಿದ್ದ.

"ಮದಾಮ್, ಮೂರು ಸಲ ಹೇಳಿದೀನಿ. ಇದು ನಿಲ್ಲಿಸೋ ಜಾಗ ಅಲ್ಲ."

"ನನಗೆ ಕಣ್ಣಿದೆ. ಒಂದೇ ನಿಮಿಷ."

"ಆ ಒಂದು ನಿಮಿಷ ಶುರುವಾಗಿ ಮುಕ್ಕಾಲು ಗಂಟೆ ಆಯ್ತು."

ಅಷ್ಟರಲ್ಲಿ ಕೊರಿನ್ ಗೇಟಿನ ಕಡೆ ನೋಡಿದಳು. ಝೆಲಿ ಓಡುತ್ತ ಬರುತ್ತಿದ್ದಳು, ಒಂದು ಕೈ ಮೇಲೆ, ಬಾಯಿ ತೆರೆದು, ಶಬ್ದವಿಲ್ಲ. ಮಗಳು ಸೋತಾಗ ಹೇಗೆ ಓಡುತ್ತಾಳೆ, ಗೆದ್ದಾಗ ಹೇಗೆ ಓಡುತ್ತಾಳೆ ಎಂದು ಅಮ್ಮಂದಿರಿಗೆ ಹೇಳಿಕೊಡಬೇಕಾಗಿಲ್ಲ. ಕೊರಿನ್ ಪಕ್ಕದಲ್ಲಿದ್ದ ಮನುಷ್ಯನನ್ನೇ ಅಪ್ಪಿ, ಅವನ ಎರಡೂ ಕೆನ್ನೆಗೆ ಸಶಬ್ದವಾಗಿ ಮುತ್ತು ಕೊಟ್ಟಳು.

"ಪಾಸಾದ್ಲು ನನ್ನ ಮಗಳು! ತತ್ತ್ವಶಾಸ್ತ್ರದಲ್ಲಿ!"

ಕಾವಲಿನವನು ಟೋಪಿ ಸರಿಮಾಡಿಕೊಂಡ. ಮುಖ ಕೆಂಪಾಗಿತ್ತು. ಅಮ್ಮ ಮಗಳು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ಅಳುವುದನ್ನೂ ನಗುವುದನ್ನೂ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕೈಯಲ್ಲಿದ್ದ ದಂಡದ ರಸೀದಿ ಪುಸ್ತಕ ಮಡಿಸಿ ಜೇಬಿಗಿಟ್ಟ.

"ನನ್ನ ಕಾಲದಲ್ಲಿ ತತ್ತ್ವದಲ್ಲಿ ನನಗೆ ಬಂದದ್ದು ನಾಲ್ಕು," ಅಂದ. "ಹತ್ತು ನಿಮಿಷ ನಿಲ್ಲಿಸಿಕೊಳ್ಳಿ, ಮದಾಮ್. ನಾನು ಆ ಕಡೆ ನೋಡ್ತಿರ್ತೀನಿ."